ಆ ಸೀಟಿಗೆ ಆಳು ಐತೆ

ಕಳೆದ ವಾರ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ನನ್ನ ಮಗಳು ಸಿಂಚನಾ ಮಾಡಿದ ಕೆಲಸ ನೋಡಿ ನಿಂತಲ್ಲೇ ನಕ್ಕುಬಿಟ್ಟೆ. ಅವಳ ಪಿಯುಸಿ ಮುಗಿದಿದೆ. ಮುಂದೆ ಎಲ್ಲಿ ಸೇರುವುದು ಎಂದು ಒಂದೆರಡು ಕಾಲೇಜು ನೋಡಿಕೊಂಡು ಬರಲು ಇಬ್ಬರೂ ಹೋಗಿದ್ದೆವು. ವಾಪಸು ಹೊರಟಾಗ ಮಳೆ ಶುರುವಾಗಿತ್ತು. ಜಗಳೂರು ಬಸ್ಸು ಇನ್ನೂ ಪೂರ್ತಿ ನಿಂತೇ ಇರಲಿಲ್ಲ, ಇವಳು ಕುತ್ತಿಗೆಯ ವೇಲ್ ತೆಗೆದು, ಉಂಡೆ ಮಾಡಿ, ಓಡಿಹೋಗಿ ಕಿಟಕಿಯೊಳಗೆ ಎಸೆದಳು. ಗುರಿ ತಪ್ಪಲಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಬಾಗಿಲ ಕಡೆ ನಿಧಾನವಾಗಿ ನಡೆದಳು. ಸೀಟು ಹಿಡಿದಾಗಿದೆ, ಇನ್ನು ನೂಕಾಡುವ ಅಗತ್ಯವೇನು ಎಂಬ ಗತ್ತು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಬಿಳಿಚೋಡಿನಲ್ಲಿ ಹುಟ್ಟಿದ ಮಕ್ಕಳಿಗೆ ಇದು ಹಲ್ಲು ಬರುವುದರ ಜೊತೆಗೇ ಬರುತ್ತದೆಂದು ಕಾಣುತ್ತದೆ.

ಒಳಗೆ ಕೂತ ಮೇಲೆ ಕಿಟಕಿಯಿಂದ ಮಳೆಯ ನೀರು, ಡೀಸೆಲ್ ಹೊಗೆ, ಎದುರಿನ ಗಾಡಿಯಲ್ಲಿ ಕರಿಯುತ್ತಿದ್ದ ಮೆಣಸಿನಕಾಯಿ ಬೋಂಡಾ, ಈ ಮೂರೂ ಕಲೆಸಿದ ವಾಸನೆ ಮೂಗಿಗೆ ಬಡಿಯಿತು. ನನಗೆ ಎಂ.ಎಸ್ಸಿ. ಎಂದರೆ ಇದೇ ವಾಸನೆ. ಬೇರೆಯವರಿಗೆ ಓದಿನ ದಿನಗಳೆಂದರೆ ಲೈಬ್ರರಿಯ ಹಳೇ ಪುಸ್ತಕ, ಹಾಸ್ಟೆಲ್ಲಿನ ಸಾರು, ಗುಲ್‌ಮೊಹರ್ ಹೂವು ಇನ್ನೂ ಏನೇನೋ ನೆನಪಾಗುತ್ತವಂತೆ. ನನಗೆ ಮಾತ್ರ ಹಸಿ ಡೀಸೆಲ್ಲು.

ಅಷ್ಟರಲ್ಲಿ ಇವಳು ಶುರು ಹಚ್ಚಿಕೊಂಡಳು. ಮನೆಯಿಂದ ಓಡಾಡಿಕೊಂಡು ಓದಿದರೆ ಕಾಲೇಜ್ ಲೈಫೇ ಇರುವುದಿಲ್ಲವಂತೆ, ಹಾಸ್ಟೆಲ್ಲಿನಲ್ಲಿ ಇದ್ದರೇನೇ ಸ್ನೇಹಿತರು ಸಿಗುವುದಂತೆ, ಅವಳ ಗೆಳತಿಯರೆಲ್ಲ ಹಾಗೇ ಹೇಳುತ್ತಾರಂತೆ. ಕೊನೆಗೆ ನನ್ನ ಕಡೆ ತಿರುಗಿ, "ನೀನ್ಯಾಕಮ್ಮ ಅಷ್ಟು ದೊಡ್ಡ ಯೂನಿವರ್ಸಿಟಿ ಸೀಟು ಬಿಟ್ಟು ಇಲ್ಲಿ ಸೇರ್ಕಂಡೆ? ನಂಗೋಸ್ಕರನಾ?" ಎಂದಳು.

ಅವಳಿಗೋಸ್ಕರ ಎಂದರೆ ಅರ್ಧ ನಿಜ. ಪೂರ್ತಿ ನಿಜ ಹೇಳಲು ಆ ಒಂದು ವರ್ಷದ ಕಥೆಯನ್ನೇ ಹೇಳಬೇಕಾಗುತ್ತದೆ.

ಆಗ ನಾನು ಬಿಳಿಚೋಡಿನ ಗಿರಣಿ ಮನೆಯ ಸೊಸೆ. ತವರು ತ್ಯಾವಣಿಗೆ. ಚಾನಲ್ ನೀರಿನ ಊರಿನಲ್ಲಿ ಹುಟ್ಟಿದವಳು ಮೋಡ ನೋಡಿಕೊಂಡು ಬಿತ್ತುವ ಊರಿಗೆ ಬಂದಿದ್ದೆ. ನನ್ನ ಗಂಡ ಮಂಜುನಾಥ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಕರೆಂಟು ಇದ್ದಾಗ ಗಿರಣಿ, ಇಲ್ಲದಾಗ ಹೊಲ. ಅತ್ತೆ ಗಂಗಮ್ಮ ಮನೆಯ ಯಜಮಾನಿ. ಬಿ.ಎಸ್ಸಿ. ಮುಗಿಯುತ್ತಿದ್ದಂತೆ ನನ್ನ ಮದುವೆಯಾಗಿತ್ತು, ಮುಂದೆ ಓದುವ ಮಾತು ಅಲ್ಲಿಗೇ ನಿಂತಿತ್ತು. ಸಿಂಚನಾ ಹುಟ್ಟಿ ನಡೆಯಲು ಕಲಿತಳು. ಆ ವರ್ಷ ಯಾವ ಧೈರ್ಯದಿಂದಲೋ ಎರಡು ಕಡೆ ಅರ್ಜಿ ಹಾಕಿದೆ, ಎರಡೂ ಕಡೆ ಸೀಟು ಬಂತು. ಸಸ್ಯಶಾಸ್ತ್ರ. ಒಂದು ದೂರದ ಊರಿನ ಹಳೆಯ, ಹೆಸರಾದ ವಿಶ್ವವಿದ್ಯಾಲಯ, ಹಾಸ್ಟೆಲ್ ಸಮೇತ. ಇನ್ನೊಂದು ದಾವಣಗೆರೆಯದು, ಆಗಿನ್ನೂ ಗೋಡೆಯ ಬಣ್ಣ ಒಣಗುತ್ತಿದ್ದಂಥದ್ದು. ಅಲ್ಲಿ ಓದುವವರಲ್ಲಿ ಮುಕ್ಕಾಲು ಮಂದಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿಗೇ ಹೋಗುವವರು.

ಡಿಗ್ರಿಯಲ್ಲಿ ಪಾಠ ಮಾಡಿದ್ದ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ದೊಡ್ಡ ಕಡೆ ಹೋಗಮ್ಮ, ಹೆಸರಿಗೆ ಬೆಲೆ ಇದೆ, ಓದಿನ ವಾತಾವರಣ ಇದೆ, ಇಲ್ಲಿ ನಾಲ್ಕು ಗಂಟೆಯಾದರೆ ಎಲ್ಲ ಬಸ್ಸು ಹಿಡಿಯಲು ಓಡುತ್ತಾರೆ, ಅದೇನು ಓದು. ನನ್ನ ಗಂಡನೂ ಪಾಪ, ಬೇಡವೆನ್ನುವ ಜಾತಿಯಲ್ಲ. ಹಾಸ್ಟೆಲ್ಲಿನಲ್ಲೇ ಇದ್ದು ಓದು, ಮಗುವನ್ನು ಅವ್ವ ನೋಡಿಕೊಳ್ಳುತ್ತಾಳೆ, ತಿಂಗಳಿಗೊಮ್ಮೆ ಬಾ ಎಂದರು. ಎಲ್ಲರೂ ದಾರಿ ಬಿಟ್ಟುಕೊಟ್ಟಿದ್ದರು. ನನ್ನ ಕಾಲೇ ಏಳಲಿಲ್ಲ. ಮಗುವಿನ ಮುಖ ನೋಡದೆ ತಿಂಗಳುಗಟ್ಟಲೆ ಇರುವುದು ನನ್ನಿಂದಾಗದು ಎಂಬುದು ಒಂದು. ಇನ್ನೊಂದು ಭಯವನ್ನು ಯಾರಿಗೂ ಹೇಳಿರಲಿಲ್ಲ. ಒಮ್ಮೆ ಮನೆ ಬಿಟ್ಟು ಹೋದರೆ, ನಾನಿಲ್ಲದೆಯೂ ಈ ಮನೆ ನಡೆಯುತ್ತದೆ ಎಂದು ಎಲ್ಲರಿಗೂ ಅಭ್ಯಾಸವಾಗಿಬಿಡುತ್ತದಲ್ಲ ಎಂದು. ಓದೂ ಬೇಕು, ಮನೆಯೂ ಬೇಕು. ಆಸೆಬುರುಕಿ ಅನ್ನಿ. ದಾವಣಗೆರೆಗೇ ಹೋಗಿಬಂದು ಮಾಡುತ್ತೇನೆ ಎಂದೆ.

ಅತ್ತೆ ಆವತ್ತು ಅಂಗಳದಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹಾಸ್ಟೆಲ್ ಆದ್ರೆ ನೋಡ್ಕಳಾಕೆ ಅಂತ ಒಬ್ರಾದ್ರೂ ಇರ್ತಾರೆ. ಈ ಬಸ್ಸಿನ ಓದಿನಾಗೆ ಏನಾರ ಹೆಚ್ಚುಕಮ್ಮಿ ಆದ್ರೆ ನಿಂಗೆ ಅಲ್ಲಿ ಯಾರ್ ಅದಾರೆ?"

ನನಗೆ ಅಲ್ಲಿ ಯಾರೂ ಇರಲಿಲ್ಲ. ಅತ್ತೆ ಇನ್ನೊಂದಿಷ್ಟು ಕಾಯಿ ಬಿಡಿಸಿ ತೀರ್ಪು ಕೊಟ್ಟರು.

"ಒಂದು ವರ್ಷ ನೋಡಾನ. ದೀಪ ಹಚ್ಚೋ ಹೊತ್ತಿಗೆ ಮನೆಯಾಗಿರ್ಬೇಕು. ಎಲ್ಲಾ ಪಾಸಾದ್ರೆ ಮುಂದ್ಲು ವರ್ಷ. ಒಂದು ಉಳಿದ್ರೂ ಸಾಕು ಮಾಡ್ಬೇಕು ನೋಡು."

ನಮ್ಮ ಮನೆಯಲ್ಲಿ ಸಂಜೆಯ ದೀಪ ಸೊಸೆಯ ಕೆಲಸ. ನಡುಮನೆಯ ದೇವರ ಜಗಲಿಯ ಮೇಲಿನ ಲಿಂಗದ ಮುಂದೆ ಮುಸ್ಸಂಜೆಗೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಆಮೇಲೆ ಒಲೆ ಮುಂದೆ ಕೂರಬೇಕು. ಅತ್ತೆಯೂ ಆ ಮನೆಗೆ ಬಂದ ದಿನದಿಂದ ನಾನು ಬರುವವರೆಗೆ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲವಂತೆ. ನನ್ನ ಕೈಗೆ ಕೊಟ್ಟ ಮೇಲೆ ಅವರು ದೀಪ ಮುಟ್ಟಲೂ ಇಲ್ಲ. ಹಾಗಾಗಿ ಆ ಷರತ್ತು ಸಣ್ಣದೇನಲ್ಲ. ಒಪ್ಪಿಕೊಂಡೆ.

ಹೊರಟಿದ್ದೇನೋ ದೊಡ್ಡ ಹುಮ್ಮಸ್ಸಿನಿಂದ. ಮೊದಲ ತಿಂಗಳಲ್ಲೇ ಅಯ್ಯೋ ಇದೇನು ಮಾಡಿಕೊಂಡೆ ಅನ್ನಿಸಿತು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಮಗುವಿಗೆ ನೀರು ಹಾಕಿ, ಸ್ಟಾಪಿಗೆ ಓಡಬೇಕು. ಜಗಳೂರಿನಿಂದ ಬರುವ ಬಸ್ಸು ಬಿಳಿಚೋಡಿಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿರುತ್ತಿತ್ತು. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಪುಸ್ತಕ. ದಾವಣಗೆರೆಯಲ್ಲಿ ಇಳಿದು ಮತ್ತೆ ಸಿಟಿ ಬಸ್ಸು. ಕ್ಲಾಸಿಗೆ ಹೋದರೆ ಅಲ್ಲಿ ಅರ್ಧ ಜನ ಬೆವರು ಒರೆಸಿಕೊಳ್ಳುತ್ತಿರುತ್ತಿದ್ದರು, ಇನ್ನರ್ಧ ಜನ ಬಂದೇ ಇರುತ್ತಿರಲಿಲ್ಲ. ಸಂಜೆಯಾಗುತ್ತಿದ್ದಂತೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಒಬ್ಬರಿಗೊಬ್ಬರು ಹೆಸರು ಗೊತ್ತಿಲ್ಲ, ರೂಟು ಗೊತ್ತು. ಇವನು ಚನ್ನಗಿರಿ, ಇವಳು ಹೊನ್ನಾಳಿ, ಆತ ನ್ಯಾಮತಿ. ನನ್ನನ್ನು "ಬಿಳಿಚೋಡು" ಎಂದೇ ಕರೆಯುತ್ತಿದ್ದರು. ಅಕ್ಕ ಇಲ್ಲ, ಮೇಡಂ ಇಲ್ಲ, ಬರೀ ಬಿಳಿಚೋಡು. ನನಗೆ ಸಿಟ್ಟು ಬರುತ್ತಿತ್ತು. ಇದು ವಿಶ್ವವಿದ್ಯಾಲಯವೋ ಬಸ್ ಸ್ಟ್ಯಾಂಡೋ, ಲೈಬ್ರರಿಯಲ್ಲಿ ಕೂತು ಓದಲು ಹೊತ್ತೇ ಸಿಗುವುದಿಲ್ಲ ಎಂದು ಮನೆಯಲ್ಲಿ ಗೊಣಗಿದ್ದೆ.

ಕ್ಲಾಸಿನಲ್ಲಿ ನನಗಿದ್ದ ಒಂದೇ ಗೆಳತಿ ಹೊನ್ನಾಳಿಯ ನಾಗವೇಣಿ. ಬಾಯಿ ಬಡುಕಿ. ಅವಳ ಮಾತು ಕೇಳುತ್ತಿದ್ದರೆ ಬಸ್ಸಿನಲ್ಲಿ ನಿಂತು ಬಂದ ಕಾಲು ನೋವು ಮರೆತುಹೋಗುತ್ತಿತ್ತು. ದೊಡ್ಡ ಕಡೆ ಸೀಟು ಬಿಟ್ಟು ಬಂದೆ ಎಂದು ನಾನು ಆಗಾಗ ಕೊರಗಿದರೆ, "ಬಿಡೆ ಮಾರಾಯ್ತಿ, ಅಲ್ಲಿ ಇದ್ದಿದ್ರೆ ನಾನ್ ಸಿಗ್ತಿದ್ನಾ?" ಎಂದು ಬೆನ್ನಿಗೆ ಗುದ್ದುತ್ತಿದ್ದಳು.

ಸಂಜೆ ಬಸ್ ನಿಲ್ದಾಣದಲ್ಲಿ ನಮ್ಮೆಲ್ಲರದೂ ಒಂದೇ ವಿದ್ಯೆ. ಬಸ್ಸು ಬರುತ್ತಿದ್ದಂತೆ ಕಿಟಕಿಯಿಂದ ಕರ್ಚೀಫು, ಟವೆಲ್ಲು, ಪುಸ್ತಕ, ಏನಾದರೂ ಒಂದು ಸೀಟಿನ ಮೇಲೆ ಬೀಳಬೇಕು. ಬಿದ್ದರೆ ಆ ಸೀಟು ನಿಮ್ಮದು. ನೀವು ಎಷ್ಟು ಹಿಂದೆ ಹತ್ತಿದರೂ ಸರಿ, ಒಂದು ಕರ್ಚೀಫಿಗೆ ಇಡೀ ಬಸ್ಸು ಮರ್ಯಾದೆ ಕೊಡುತ್ತದೆ. ಯಾರಾದರೂ ಹೊಸಬರು ಅದನ್ನು ಸರಿಸಿ ಕೂರಲು ಹೋದರೆ ಪಕ್ಕದವರು, "ಆ ಸೀಟಿಗೆ ಆಳು ಐತೆ" ಎನ್ನುತ್ತಾರೆ. ಅಷ್ಟೇ, ಮಾತು ಮುಗಿಯಿತು. ನಮ್ಮ ಕಡೆ ಜಮೀನಿನ ಬದುವಿಗೆ ಜಗಳ ಆಗುತ್ತದೆ, ಬಸ್ಸಿನ ಕರ್ಚೀಫಿಗೆ ಆಗುವುದಿಲ್ಲ.

ಆ ವರ್ಷದ ನನ್ನ ದೊಡ್ಡ ತಲೆನೋವು ಹರ್ಬೇರಿಯಂ. ಗಿಡಗಳನ್ನು ಹೂವು ಬೇರು ಸಮೇತ ಕಿತ್ತು ತಂದು, ಪೇಪರಿನ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಹೆಸರು, ಊರು, ಸಂಗ್ರಹಿಸಿದವರು ಯಾರು ಎಂದೆಲ್ಲ ಚೀಟಿ ಹಚ್ಚಬೇಕು. ಅದನ್ನು ತೋರಿಸದಿದ್ದರೆ ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನಮ್ಮ ಪ್ರೊಫೆಸರರು ಮೊದಲೇ ಹೇಳಿದ್ದರು. ಉಳಿದವರು ಒಂದು ದಿನ ಎಲ್ಲರೂ ಸೇರಿ ಹೋಗಿ ಕಿತ್ತು ತಂದರು. ನನಗೆ ಭಾನುವಾರ ಬಿಟ್ಟರೆ ಗತಿಯಿಲ್ಲ. ಬಿಳಿಚೋಡಿನ ಹೊಲಗಳಲ್ಲಿ, ಅತ್ತೆಯ ತವರು ಸೊಕ್ಕೆಗೆ ಹೋದಾಗ ಅಲ್ಲಿಯ ಬದುಗಳಲ್ಲಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಿತ್ತೆ. ತುಂಬೆ, ಉತ್ತರಾಣಿ, ತಂಗಡಿ, ನೆಗ್ಗಿಲ ಮುಳ್ಳು. ಗಿರಣಿಯ ಜೋಳದ ಚೀಲಗಳ ಕೆಳಗಿಟ್ಟು ಒತ್ತಿದೆ. ಹಿಟ್ಟು ಬೀಸಿಸಲು ಬಂದವರೆಲ್ಲ ಅದೇನು ಎಂದು ಕೇಳುವುದು, ನನ್ನ ಗಂಡ ಬಹಳ ಗಂಭೀರವಾಗಿ ಎಂ.ಎಸ್ಸಿ. ಎನ್ನುವುದು.

ಅತ್ತೆ ಒಂದು ದಿನ ಹಾಳೆಗಳನ್ನು ತಿರುವಿ ಹಾಕಿ ನೋಡಿ, "ಹೊಲ್ದಾಗೆ ಕಿತ್ತು ಬದಿಗೆ ಎಸೆಯೋ ಕಸ ಇದು. ಇದಕ್ಕೆ ಮಾರ್ಕ್ಸ್ ಕೊಡ್ತಾರಾ? ಹಂಗಾದ್ರೆ ನಂಗೆ ಎಷ್ಟೊತ್ತಿಗೆ ಡಿಗ್ರಿ ಸಿಗ್ಬೇಕಿತ್ತು" ಎಂದರು. ಮಗು ಏನು ತಿಳಿಯಿತೋ, ಅವರ ಮುಖ ನೋಡಿ ಚಪ್ಪಾಳೆ ತಟ್ಟಿತು.

ಪರೀಕ್ಷೆಯ ಹಿಂದಿನ ದಿನ ಹರ್ಬೇರಿಯಂ ಹಾಳೆಗಳಿಗೆ ಪ್ರೊಫೆಸರರ ಸಹಿ ಮಾಡಿಸಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಹಾಳೆಗಳೆಲ್ಲ ಒಂದು ದೊಡ್ಡ ಬಟ್ಟೆ ಚೀಲದಲ್ಲಿ, ಅದರ ಮೇಲೆ ಊಟದ ಡಬ್ಬಿ. ನಾಗವೇಣಿ ಆ ದಿನ ಬೇಗ ಸಹಿ ಮಾಡಿಸಿಕೊಂಡು ಹಿಂದಿನ ಬಸ್ಸಿಗೇ ಹೋಗಿದ್ದಳು. ನಾನು ತಲುಪುವಷ್ಟರಲ್ಲಿ ಮುಂಗಾರಿನ ಮೊದಲ ಜೋರು ಮಳೆ ಹಿಡಿದುಕೊಂಡಿತು. ನಿಲ್ದಾಣದ ತುಂಬಾ ಜನವೋ ಜನ, ಎಲ್ಲರೂ ಒದ್ದೆ. ಜಗಳೂರು ಎಂಬ ಬೋರ್ಡು ಹೊತ್ತ ಬಸ್ಸು ಬಂತು. ಕರ್ಚೀಫು ತೆಗೆದು ಎಸೆದೆ. ನೆನೆದು ಮುದ್ದೆಯಾಗಿದ್ದ ಅದು ಕಿಟಕಿಯ ಅಂಚಿಗೆ ಬಡಿದು ಹೊರಗೇ ಬಿತ್ತು. ಹಾಳಾಗಲಿ ಎಂದು ಚೀಲವನ್ನೇ ಕಿಟಕಿಯೊಳಗೆ ತೂರಿಸಿ ಸೀಟಿನ ಮೇಲೆ ಮಲಗಿಸಿದೆ. ಹಾಳೆಗಳು ಮಳೆಯಿಂದಲೂ ಉಳಿದವು, ಸೀಟೂ ಸಿಕ್ಕಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಬಾಗಿಲ ಕಡೆ ಹೊರಟೆ.

ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟರಲ್ಲಿ ಒಳಗಿದ್ದ ಜಗಳೂರಿನವರೆಲ್ಲ ನೂಕಿಕೊಂಡು ಕೆಳಗಿಳಿಯತೊಡಗಿದರು. ಹಿಂದಿನ ಟ್ರಿಪ್ಪಿನ ಬೋರ್ಡು ಹಾಗೇ ಉಳಿದುಬಿಟ್ಟಿತ್ತಂತೆ, ಬಸ್ಸು ಈಗ ನ್ಯಾಮತಿಗೆ. ಕಂಡಕ್ಟರ್ ಬೋರ್ಡು ತಿರುಗಿಸಿ "ಹೊನ್ನಾಳಿ, ನ್ಯಾಮತಿ" ಎಂದು ಕೂಗಿದ್ದೇ ತಡ, ಆ ಕಡೆಯವರು ಹತ್ತಲು ನುಗ್ಗಿದರು. ಇಳಿಯುವವರು, ಹತ್ತುವವರ ನಡುವೆ ನಾನು ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಕಿಟಕಿಯ ಕಡೆ ಓಡಿದೆ. ಮಳೆಗೆ ಗಾಜೆಲ್ಲ ಮುಚ್ಚಿದ್ದರು. ಬಡಿದೆ, ಕೂಗಿದೆ. ಆ ಮಳೆಯಲ್ಲಿ, ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಬಸ್ಸು ಹಿಂದಕ್ಕೆ ಬಂದು, ತಿರುಗಿ, ನಿಲ್ದಾಣದಿಂದ ಹೊರಟೇಹೋಯಿತು. ನನ್ನ ತುಂಬೆ, ಉತ್ತರಾಣಿ, ತಂಗಡಿ, ನನ್ನ ಎರಡನೇ ವರ್ಷ, ಎಲ್ಲ ಸೀಟು ಹಿಡಿದು ಕೂತು ನ್ಯಾಮತಿಗೆ ಹೋದವು.

ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಮನೆಗೆಲ್ಲ ಇದ್ದದ್ದು ಒಂದೇ, ಅದು ಗಿರಣಿಯಲ್ಲಿ. ವಿಚಾರಣೆಯ ಕಿಟಕಿಯಲ್ಲಿ ಕೇಳಿದರೆ, ಡಿಪೋಗೆ ಹೋದ ಮೇಲೆ ನೋಡಬೇಕಮ್ಮ, ಬೆಳಿಗ್ಗೆ ಬಾ ಎಂದರು. ಬೆಳಿಗ್ಗೆ ನನ್ನ ಪರೀಕ್ಷೆ. ಮುಂದಿನ ನ್ಯಾಮತಿ ಬಸ್ಸು ಹತ್ತಿ ಹಿಂದೆಯೇ ಹೋಗಿಬಿಡಲೇ ಎಂದು ಯೋಚಿಸಿದೆ. ಹೋದರೆ ಆವತ್ತು ಮನೆಗೆ ಬರಲಾಗುವುದಿಲ್ಲ. ಮಗು ನಾನಿಲ್ಲದೆ ರಾತ್ರಿ ಮಲಗುತ್ತಿರಲಿಲ್ಲ. ಈ ಗೊಂದಲದಲ್ಲಿ ನನ್ನ ಎಂದಿನ ಬಸ್ಸೂ ತಪ್ಪಿತು. ಕೊನೆಗೆ ಸಿಕ್ಕಿದ ಜಗಳೂರು ಬಸ್ಸು ಹತ್ತಿ ನಿಂತೆ. ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಏನು ಎತ್ತ ಎಂದು ಕೇಳದೆ ಸರಿದು ಕೂತು ಜಾಗ ಮಾಡಿಕೊಟ್ಟರು. ದೊಡ್ಡ ಕಡೆ ಹೋಗಿದ್ದರೆ ಈ ಹೊತ್ತಿಗೆ ಹಾಸ್ಟೆಲ್ಲಿನ ಮೇಜಿನ ಮೇಲೆ ನನ್ನ ಹಾಳೆಗಳು ಬೆಚ್ಚಗಿರುತ್ತಿದ್ದವು ಎಂದು ಎಷ್ಟು ಸಲ ಅಂದುಕೊಂಡೆನೋ.

ಬಿಳಿಚೋಡಿನಲ್ಲಿ ಇಳಿದಾಗ ಕತ್ತಲಾಗಿತ್ತು. ಮುಸ್ಸಂಜೆ ಮೀರಿತ್ತು, ಅಂದರೆ ಆ ಷರತ್ತೂ ಮುರಿದಿತ್ತು. ಸ್ಟಾಪಿನ ಬೇವಿನ ಮರದ ಕೆಳಗೆ ಅತ್ತೆ ನಿಂತಿದ್ದರು. ಸೊಂಟದ ಮೇಲೆ ಮಗು, ತಲೆಯ ಮೇಲೆ ಮಳೆಗೆ ಮಡಚಿ ಹೊದ್ದ ಗೊಬ್ಬರದ ಚೀಲದ ಕೊಪ್ಪೆ. ನಾನು ಬಾಯಿ ಬಿಡುವ ಮೊದಲೇ ಅವರು ಹೇಳಿದರು.

"ನಿನ್ ಚೀಲ ನ್ಯಾಮತಿಯಾಗೈತಂತೆ. ಬೆಳಿಗ್ಗೆ ಪರೀಕ್ಷೆ ಹೊತ್ತಿಗೆ ತಂದು ಕೊಡ್ತಾರಂತೆ. ಅಳಬ್ಯಾಡ, ಹುಡುಗಿ ನೋಡ್ತೈತೆ."

ನನಗೆ ತಲೆಬುಡ ಅರ್ಥವಾಗಲಿಲ್ಲ. ನನಗಿಂತ ಮೊದಲು ಸುದ್ದಿ ಬಿಳಿಚೋಡಿಗೆ ಬಂದು ಕೂತಿತ್ತು.

ಆಗಿದ್ದು ಇಷ್ಟು. ಚೀಲ ಕೂತಿದ್ದ ಸೀಟಿನ ಪಕ್ಕದಲ್ಲಿ ರುದ್ರೇಶ ಎಂಬ ಹುಡುಗ ನಿಂತಿದ್ದ. ನ್ಯಾಮತಿಯವನು, ಇತಿಹಾಸ ಎಂ.ಎ. ಓದುತ್ತಿದ್ದವನು. ನಾನು ಅವನನ್ನು ಕ್ಯಾಂಟೀನಿನಲ್ಲಿ ನೋಡಿದ್ದೆ, ಮಾತಾಡಿಸಿರಲಿಲ್ಲ. ಬಸ್ಸು ಕಿಕ್ಕಿರಿದಿತ್ತು. ಸೀಟಿನ ಮೇಲೆ ಚೀಲವಿದೆ ಎಂದ ಮೇಲೆ ಆಳು ಮುಂದೆ ಹೆಂಗಸರ ಗುಂಪಿನಲ್ಲಿ ಸಿಕ್ಕಿಕೊಂಡಿರಬೇಕು, ಜಾಗವಾದಾಗ ಬರುತ್ತಾರೆ ಎಂದುಕೊಂಡು ಅವನು ಅದನ್ನು ಕಾದ. ಪ್ರತಿ ಸ್ಟಾಪಿನಲ್ಲೂ ಹತ್ತಿದವರು ಚೀಲ ಸರಿಸಲು ಬಂದರು, ಪ್ರತಿಯೊಬ್ಬರಿಗೂ ಅವನು "ಆ ಸೀಟಿಗೆ ಆಳು ಐತ್ರಿ" ಎಂದ. ತಾನೂ ಕೂರಲಿಲ್ಲ, ಬೇರೆಯವರನ್ನೂ ಕೂರಗೊಡಲಿಲ್ಲ. ಆ ಬಸ್ಸಿನಲ್ಲಿ ಅಷ್ಟೊಂದು ಜನ ನೇತಾಡುತ್ತಿರುವಾಗ ನನ್ನ ಒಣ ತುಂಬೆ ಗಿಡ ಆರಾಮಾಗಿ ಕೂತು ಪ್ರಯಾಣ ಮಾಡಿತು. ಹೊನ್ನಾಳಿಯಲ್ಲಿ ಬಸ್ಸು ಖಾಲಿಯಾಗಿ, ಸೇತುವೆ ದಾಟಿದ ಮೇಲೂ ಯಾರೂ ಬರದಿದ್ದಾಗಲೇ ಅವನಿಗೆ ಅನುಮಾನ ಬಂದದ್ದು. ತೆಗೆದು ನೋಡಿದರೆ ಹಾಳೆಯ ಚೀಟಿಯಲ್ಲಿ ಸುಜಾತ, ಬಿಳಿಚೋಡು, ಸಸ್ಯಶಾಸ್ತ್ರ ಎಂದಿದೆ. ಹೊನ್ನಾಳಿ ಬಸ್ಸಿನ ನಾಗವೇಣಿ ಅದೇ ವಿಭಾಗ ಎಂದು ಅವನಿಗೆ ಗೊತ್ತು. ಅವಳಿಗೆ ಫೋನು ಮಾಡಿದ. ಅವಳ ಹತ್ತಿರ ನಮ್ಮ ಗಿರಣಿಯ ನಂಬರಿತ್ತು.

ಮನೆಗೆ ಬಂದರೆ ನಡುಮನೆ ಕತ್ತಲು. ಕರೆಂಟು ಹೋಗಿತ್ತು, ಸರಿ. ಲಿಂಗದ ಮುಂದೆಯೂ ದೀಪ ಹಚ್ಚಿರಲಿಲ್ಲ. ಯಾಕೆ ಹಚ್ಚಲಿಲ್ಲ ಎಂಬಂತೆ ಅತ್ತೆಯ ಮುಖ ನೋಡಿದೆ. ಕಾಲು ತೊಳಕೊಂಡು ಬಂದು ನೀನೇ ಹಚ್ಚು, ಒಂದಿನ ತಡವಾದರೆ ಶಿವ ಏನೂ ಅಂದುಕೊಳ್ಳುವುದಿಲ್ಲ ಎಂದು ಒಳಗೆ ಹೋದರು. ಒದ್ದೆ ಕೈಗೆ ಕಡ್ಡಿ ಎರಡು ಸಲ ಆರಿತು. ಒಲೆಯ ಕಡೆಯಿಂದ ಅವರ ಮಾತು ಕೇಳಿಸಿತು, ನನಗೋ, ಮಗುವಿಗೋ, ತಮಗೆ ತಾವೇ ಹೇಳಿಕೊಂಡದ್ದೋ.

"ಅಂತೂ ಯಾರೋ ಅದಾರೆ ಬಿಡು ಇವಳಿಗೆ ಅಲ್ಲಿ."

ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ದಾವಣಗೆರೆಯ ನಿಲ್ದಾಣದಲ್ಲಿ ಕಾಯುತ್ತಾ ನಿಂತೆ. ನ್ಯಾಮತಿ ಬಸ್ಸು ಬಂತು. ಮುಂದಿನ ಬಾಗಿಲಿನಿಂದ ನಾಗವೇಣಿ ಇಳಿದಳು, ಹಿಂದೆ ಚೀಲವನ್ನು ಎದೆಗವಚಿಕೊಂಡು ರುದ್ರೇಶ. ಅವನಿಗೆ ಆವತ್ತು ಕ್ಲಾಸಿರಲಿಲ್ಲ, ಚೀಲಕ್ಕಾಗಿಯೇ ಬಂದಿದ್ದ. ನಾಗವೇಣಿ ದೂರದಿಂದಲೇ ಬಾಯಿ ಮಾಡಿದಳು. ಪುಣ್ಯಾತ್ಗಿತ್ತಿ, ನಿನ್ನ ಕಸಕ್ಕೆ ಕಿಟಕಿ ಪಕ್ಕದ ಸೀಟು ಕೊಟ್ಟು ನಾವಿಬ್ಬರೂ ನಿಂತು ಬಂದ್ವಿ, ಮಳೆಯ ಚಳಿಗೆ ಅದಕ್ಕೊಂದು ಶಾಲು ಹೊದಿಸೋದು ಬಾಕಿ ಇತ್ತು ಎಂದೆಲ್ಲ. ನಾನು ರುದ್ರೇಶನಿಗೆ ಕೈಮುಗಿದು ಚೀಲ ತೆಗೆದುಕೊಂಡೆ. ಅವನಿಗೆ ಮುಜುಗರ. ನೆಲ ನೋಡುತ್ತಾ ಹೇಳಿದ.

"ಹೊನ್ನಾಳಿ ತಂಕ ನಿಮ್ ಸೀಟು ಯಾರಿಗೂ ಬಿಟ್ಟಿಲ್ಲ ಅಕ್ಕ."

ಬಿಳಿಚೋಡು ಹೋಗಿ ಅಕ್ಕ ಆದದ್ದು ಆವತ್ತೇ.

ಚೀಲ ತೆರೆದು ನೋಡಿದೆ. ಸೀಟಿನ ತೇವಕ್ಕೆ ಕೆಳಗಿನ ಒಂದೆರಡು ಹಾಳೆ ಮೆತ್ತಗಾಗಿದ್ದವಂತೆ. ರುದ್ರೇಶನ ಅಮ್ಮ ಒದ್ದೆ ಪೇಪರು ತೆಗೆದು ಒಣ ಪೇಪರು ಹಾಕಿ ಕಟ್ಟಿದ್ದರು. ಒಂದು ಗಿಡವೂ ಮುರಿದಿರಲಿಲ್ಲ. ಮೇಲಿದ್ದ ನನ್ನ ಊಟದ ಡಬ್ಬಿ ಕೈಗೆ ಭಾರವಾಯಿತು. ತೆಗೆದರೆ ಶೇಂಗಾ ಉಂಡೆ. ನೋಡೇ ಇರದ ಒಬ್ಬ ಹೆಂಗಸು, ಬೇರೆಯವರ ಮನೆಯ ಡಬ್ಬಿಯನ್ನು ಬರಿದಾಗಿ ಕಳಿಸಬಾರದೆಂದು ತುಂಬಿ ಕಳಿಸಿದ್ದರು. ನಾನು ಪರೀಕ್ಷೆಗೆ ಹೋಗುವ ಮೊದಲು ಒಂದು ತಿಂದೆ, ನಾಗವೇಣಿ ಎರಡು ತಿಂದಳು. ಪ್ರಾಕ್ಟಿಕಲ್ಲಿನಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹಾಳೆಗಳನ್ನು ತಿರುವುತ್ತಾ, ಇದೆಲ್ಲ ಎಲ್ಲಿಂದ ತಂದಿರಿ ಎಂದು ಕೇಳಿದರು. ಬಿಳಿಚೋಡು ಸರ್, ಸೊಕ್ಕೆ ಸರ್ ಎಂದೆ. ನ್ಯಾಮತಿಯಿಂದ ಸರ್ ಎನ್ನಲು ನಾಲಿಗೆ ತುದಿಗೆ ಬಂದಿತ್ತು.

ಸಂಜೆ ಅತ್ತೆಯ ಮುಂದೆ ಡಬ್ಬಿ ತೆರೆದಿಟ್ಟೆ. ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡು, ಬೆಲ್ಲದ ಪಾಕ ಹದ ಐತೆ ಎಂದರು. ಅತ್ತೆಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಮಾರನೆಯ ವಾರ ಥಿಯರಿ ಪರೀಕ್ಷೆಗೆ ಹೊರಟಾಗ ಅದೇ ಡಬ್ಬಿಯ ತುಂಬಾ ಹುರಳಿಕಾಳಿನ ಚಟ್ನಿಪುಡಿ ಅಮುಕಿ ಕೊಟ್ಟು, ಆ ನ್ಯಾಮತಿ ತಾಯಿಗೆ ಕಳಿಸು ಎಂದರು. ಡಬ್ಬಿ ನನ್ನ ಕೈಯಿಂದ ನಾಗವೇಣಿಗೆ, ನಾಗವೇಣಿಯಿಂದ ರುದ್ರೇಶನಿಗೆ ಹೋಯಿತು. ಅದು ತಿರುಗಿ ಬಂದಾಗ ಅದರಲ್ಲಿ ಕೊಬ್ಬರಿ ಮಿಠಾಯಿ ಇತ್ತು. ಹೀಗೆ ಎರಡು ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಬಸ್ಸಿನಲ್ಲೇ ಬಳಗ ಬೆಳೆಸಿದರು.

ಅಲ್ಲಿಂದ ನನ್ನ ಕಣ್ಣಿಗೆ ಆ ಕ್ಯಾಂಪಸ್ಸು ಬೇರೆಯಾಗಿ ಕಾಣತೊಡಗಿತು. ನಾಲ್ಕು ಗಂಟೆಗೆ ಖಾಲಿಯಾಗುತ್ತದೆ ಎಂದು ಬೈದುಕೊಂಡಿದ್ದೆನಲ್ಲ, ಅದು ಖಾಲಿಯಾಗುತ್ತಿರಲಿಲ್ಲ. ನಾಲ್ಕು ರಸ್ತೆಗಳಲ್ಲಿ ಹರಡಿಕೊಳ್ಳುತ್ತಿತ್ತು. ಚನ್ನಗಿರಿ ಬಸ್ಸಿನವರಲ್ಲಿ ಒಬ್ಬಳು ನನ್ನ ತವರಿನ ಪಕ್ಕದ ಬೀದಿಯವಳೆಂದು ತಿಳಿದದ್ದೂ ಆಮೇಲೆ. ಅಪ್ಪನಿಗೆ ಏನಾದರೂ ಹೇಳಿ ಕಳಿಸಬೇಕಾದರೆ ಅವಳ ಕೈಯಲ್ಲಿ ಹೇಳಿ ಕಳಿಸುತ್ತಿದ್ದೆ. ಇಷ್ಟು ಜನ ಮೊದಲೂ ಅಲ್ಲೇ ಇದ್ದರು. ನಾನು ಗಡಿಯಾರ ನೋಡುತ್ತಿದ್ದೆ, ಅವರನ್ನು ನೋಡಿರಲಿಲ್ಲ.

ಈ ಕಥೆಯನ್ನು ಸಿಂಚನಾಳಿಗೆ ಬಸ್ಸಿನಲ್ಲಿ ಹೇಳುತ್ತಾ ಬಂದೆ. ಅವಳು, "ಹಂಗಾದ್ರೆ ನಾನೂ ಓಡಾಡಿಕೊಂಡೇ ಓದ್ಬೇಕು ಅಂತೀಯಾ?" ಎಂದಳು. ಹಾಗೇನಿಲ್ಲ, ಹಾಸ್ಟೆಲ್ಲಿಗಾದರೂ ಹೋಗು, ಎಲ್ಲಿಗಾದರೂ ಹೋಗು, ಪಕ್ಕದ ಸೀಟಿನವರನ್ನು ಮಾತಾಡಿಸು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ರಿಸಲ್ಟ್ ಏನಾಯಿತು, ಅಜ್ಜಿ ಒಪ್ಪಿದಳಾ ಅದನ್ನು ಹೇಳು ಎಂದು ಪಟ್ಟು ಹಿಡಿದಳು. ಅವಳ ಅಜ್ಜಿ ಈಗಲೂ ಹಾಗೇ ಗಟ್ಟಿಯಾಗಿದ್ದಾರೆ, ಸ್ವಲ್ಪ ಮೊಣಕಾಲು ನೋವು ಬಿಟ್ಟರೆ. ಕೇಳಿದರೆ ನನಗೇನೂ ನೆನಪಿಲ್ಲ ಎನ್ನುತ್ತಾರೆ. ನನಗೆ ನೆನಪಿದೆ.

ರಿಸಲ್ಟ್ ಬಂದ ದಿನ ಜಿನುಗು ಮಳೆ. ಎಲ್ಲ ಪಾಸಾಗಿದ್ದೆ. ಎಂದಿನ ಬಸ್ಸಿಗೆ ಬಂದು ಬೇವಿನ ಮರದ ಕೆಳಗೆ ಇಳಿದೆ. ಅತ್ತೆ ಎಂದಿನಂತೆ ಮಗುವನ್ನೆತ್ತಿಕೊಂಡು ನಿಂತಿದ್ದರು. ನನ್ನ ಮುಖ ನೋಡಿದರು. ಮಗುವನ್ನು ನನಗೆ ಕೊಟ್ಟು ನನ್ನ ಚೀಲವನ್ನು ತಾವು ತೆಗೆದುಕೊಂಡು ಮುಂದೆ ನಡೆದರು. ಮನೆಗೆ ಬಂದು ಕಾಲು ತೊಳೆದು ಒಳಗೆ ಕಾಲಿಟ್ಟರೆ ನಡುಮನೆ ಬೆಳಗುತ್ತಿತ್ತು. ಲಿಂಗದ ಮುಂದೆ ದೀಪ ಆಗಲೇ ಉರಿಯುತ್ತಿತ್ತು. ಬತ್ತಿ ಹೊಸದು, ಎಣ್ಣೆ ತುಂಬಿತ್ತು. ಕೆಲಸ ನನ್ನ ಕೈಯಿಂದ ಕಿತ್ತುಕೊಂಡರೇ, ನಾನೇನು ತಪ್ಪು ಮಾಡಿದೆ ಎಂದು ಅವರ ಕಡೆ ತಿರುಗಿದೆ.

ಅತ್ತೆ ನನ್ನ ಚೀಲವನ್ನು ಗೂಟಕ್ಕೆ ತೂಗುಹಾಕುತ್ತಿದ್ದರು. ಈ ಕಡೆ ತಿರುಗದೆಯೇ ಹೇಳಿದರು.

"ಲೈಬ್ರರಿಯಾಗೆ ಕುಂತು ಓದಾಕೆ ಹೊತ್ತೇ ಸಿಗಲ್ಲ ಅಂತಿದ್ದೆಲ್ಲ. ಇನ್ಮ್ಯಾಲೆ ಕುಂತು ಓದಿ ಕೊನೇ ಬಸ್ಸಿಗೆ ಬಾ. ದೀಪ ನಾನ್ ಹಚ್ತೀನಿ."